ಒಣಗಿದ ಮೇಲೆ ಕಾಣುವ ಹೊಳಪು

ದೇವದುರ್ಗದಲ್ಲಿ ನನ್ನ ಹತ್ತಿರ ಇದ್ದದ್ದು ಒಂದೇ ಟೇಬಲ್ ಫ್ಯಾನು. ಒಂದು ಬೇಸಿಗೆಯ ಆರಂಭದಲ್ಲಿ ಅದರ ರೆಕ್ಕೆಗಳನ್ನು ಕಳಚಿ ಟ್ರಂಕಿನ ಹಿಂದೆ ಇಟ್ಟೆ. ಆ ಮೋಟರಿನಿಂದ ಕಲ್ಲು ತುಂಬಿದ ಡಬ್ಬಿಯೊಂದನ್ನು ತಿರುಗಿಸಬೇಕೆಂದಿದ್ದೆ. ರಾಯಚೂರು ಸೀಮೆಯ ಬೇಸಿಗೆ ಕಂಡವರಿಗೆ ಇದು ಹುಚ್ಚಾಟ ಅನಿಸಬಹುದು. ಆದರೆ ಆ ಕೋಣೆಯಲ್ಲಿ ಸೆಕೆಗಿಂತ ತಡೆದುಕೊಳ್ಳಲು ಕಷ್ಟವಾದದ್ದು ಬೇರೆ ಇತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಯಾರಾದರೂ ಫೋನ್ ಮಾಡಿದರೆ ನನ್ನೆದುರಿನ ಬೋರ್ಡಿನಲ್ಲಿ ಒಂದು ಸಣ್ಣ ಮುಚ್ಚಳ ಕೆಳಗೆ ಬೀಳುತ್ತಿತ್ತು. ಬೇಕಾದ ನಂಬರ್ ಕೇಳಿ, ವೈರು ಚುಚ್ಚಿ, ಇಬ್ಬರನ್ನೂ ಕೂಡಿಸಿ, ಮಾತು ಮುಗಿದ ಮೇಲೆ ಕಿತ್ತುಬಿಡುವುದು ನನ್ನ ಕೆಲಸ. ಯಾರ ಮನೆಯಲ್ಲಿ ಹೆರಿಗೆಯಾಯಿತು, ಯಾವ ಮನೆಯ ಸಂಬಂಧ ಮುರಿಯಿತು ಎಂಬುದು ಊರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಬಜಾರಿನಲ್ಲಿ ಯಾರದೋ ದನಿ ಕಿವಿಗೆ ಬಿದ್ದರೆ ಅವರ ನಂಬರ್ ತಾನಾಗಿ ನೆನಪಾಗುತ್ತಿತ್ತು. ಅವರು ಮಾತ್ರ ನನ್ನ ಮುಖ ನೋಡಿ ಮುಂದೆ ಹೋಗುತ್ತಿದ್ದರು. ದಿನವಿಡೀ ಮಾತಿನ ನಡುವೆ ಕುಳಿತು ಮನೆಗೆ ಬಂದರೆ, ನಂಬರ್ ಹೇಳ್ರಿ, ಮಾತಾಡ್ರಿ ಎಂಬವನ್ನು ಬಿಟ್ಟು ನನ್ನ ಬಾಯಿಂದ ಬೇರೆ ಮಾತೇ ಬಂದಿರುತ್ತಿರಲಿಲ್ಲ.

ನಾನು ರಾಯಚೂರಿನಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಬೇಗ ತೀರಿಕೊಂಡಿದ್ದ. ಅವ್ವ ರಸ್ತೆಗೆ ಹಾಕುವ ಖಡಿ ಒಡೆದು ನಮ್ಮನ್ನು ಬೆಳೆಸಿದಳು. ನಮ್ಮ ಓಣಿಯ ಹುಡುಗಿಯರಲ್ಲಿ ಮೆಟ್ರಿಕ್ ದಾಟಿ ಸರಕಾರಿ ನೌಕರಿ ಹಿಡಿದವಳು ನಾನೇ ಮೊದಲು. ನೌಕರಿ ಬಂದ ಮೇಲೆ ಓಣಿಯ ಗೆಳತಿಯರು ನನ್ನೊಡನೆ ಸ್ವಲ್ಪ ಎಚ್ಚರದಿಂದ ಮಾತಾಡತೊಡಗಿದರು. ದೇವದುರ್ಗದಲ್ಲಿ ಬಾಡಿಗೆ ಮನೆ ಕೇಳಿದಾಗ ಎಲ್ಲರೂ ಮೊದಲು ನಗುನಗುತ್ತಾ ಮಾತಾಡಿಸಿ, ರಾಯಚೂರಿನಲ್ಲಿ ಯಾವ ಓಣಿ ಎಂದು ಕೇಳಿದ ಮೇಲೆ ಮನೆ ಖಾಲಿ ಇಲ್ಲ ಎನ್ನುತ್ತಿದ್ದರು. ಕೊನೆಗೆ ಕೋಣೆ ಕೊಟ್ಟವಳು ಒಬ್ಬಳೇ ಇದ್ದ ಒಬ್ಬ ವಯಸ್ಸಾದ ಹೆಂಗಸು. ಅವಳು ಮುಂದಿನ ಮನೆಯಲ್ಲಿದ್ದಳು. ನನಗೆ ಸಿಕ್ಕದ್ದು ಹಿತ್ತಲಿನಲ್ಲಿ ಹಿಂದೆ ಹೊಟ್ಟು ತುಂಬುತ್ತಿದ್ದ ಕೋಣೆ. ಅಂಗಳದ ಬಾವಿಗೆ ನಾನು ಹಗ್ಗ ಬಿಡುವಂತಿರಲಿಲ್ಲ. ಅವಳೇ ನೀರು ಸೇದಿ ನನ್ನ ಕೊಡಕ್ಕೆ ಮೇಲಿನಿಂದ ಸುರಿಯುತ್ತಿದ್ದಳು. ಕೊಡವನ್ನು ನಾನು ಎಲ್ಲಿ ಇಡಬೇಕು ಎಂದು ಮೊದಲ ದಿನವೇ ಬೆರಳು ಮಾಡಿ ತೋರಿಸಿದ್ದಳು.

ಎರಡನೆಯ ವರ್ಷಕ್ಕೆ ನನಗೆ ತಲೆನೋವು ಶುರುವಾಯಿತು. ಬೋರ್ಡಿನ ಸಣ್ಣ ಅಂಕಿಗಳು ಒಂದರೊಳಗೊಂದು ಸೇರಿಹೋಗುತ್ತಿದ್ದವು. ರಾಯಚೂರಿಗೆ ಹೋದಾಗ ಬಜಾರಿನ ಒಂದು ಕಿರಿದಾದ ಕನ್ನಡಕದ ಅಂಗಡಿಗೆ ಹೋದೆ. ಅಲ್ಲಿದ್ದ ಮುದುಕರು ಹಿಂದಿನ ಕತ್ತಲೆ ಕೋಣೆಯಲ್ಲಿ ಗಾಜನ್ನು ತಾವೇ ಸಾಣೆ ಹಿಡಿದು ನಂಬರಿಗೆ ತರುತ್ತಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅಳತೆ ನೋಡಿ ಕಣ್ಣಿಗೆ ಗಾಜು ಇಟ್ಟಾಗ ನನಗೆ ಮೊದಲು ಸ್ಪಷ್ಟವಾಗಿ ಕಂಡದ್ದು ಅವರ ಮೇಜಿನ ಮೇಲಿದ್ದ ಒಂದು ಕಲ್ಲು. ಜೇನಿನ ಬಣ್ಣ, ಒಳಗೆ ಬಿಳಿಯ ಗೆರೆಗಳು, ಈಗಷ್ಟೇ ನೀರಿನಿಂದ ತೆಗೆದಂತೆ ಹೊಳೆಯುತ್ತಿತ್ತು. ಮುಟ್ಟಿ ನೋಡಿದರೆ ಒಣಗಿತ್ತು.

ದೇವದುರ್ಗದ ಎಕ್ಸ್‌ಚೇಂಜಿನವಳೆಂದು ಅವರಿಗೆ ಮೊದಲೇ ಹೇಳಿದ್ದೆ. ಎಲ್ಲಿಂದ ತಂದಿರಿ ಎಂದು ಕೇಳಿದೆ. ಕೃಷ್ಣಾ ಹೊಳೆಯದು, ನಿಮ್ಮ ದೇವದುರ್ಗದ ಕಡೆಯದೇ ಎಂದರು. ಗಾಜು ತಿಕ್ಕುವ ಪುಡಿಗಳ ಜೊತೆಗೇ ಮನೆಯಲ್ಲಿ ಡಬ್ಬಿಯೊಳಗೆ ಹಾಕಿ, ತಿರುಗಿಸಿ ನುಣುಪು ಮಾಡಿದ್ದೇನೆ ಎಂದರು. ಹೆಂಡತಿ ತೀರಿಕೊಂಡ ಮೇಲೆ ಕಲಿತ ಕೆಲಸವಂತೆ. ನಾನು ಕಲ್ಲನ್ನು ಕೆಳಗಿಡದೆ ಹಿಡಿದೇ ಕುಳಿತಿದ್ದೆ. ಅವರಿಗೆ ಏನನಿಸಿತೋ, ಒಳಗೆ ಹೋಗಿ ಕಾಗದದಲ್ಲಿ ಕಟ್ಟಿದ ಪುಡಿಗಳನ್ನು ತಂದು, ಯಾವುದರ ನಂತರ ಯಾವುದು ಎಂದು ಹೇಳಿಕೊಟ್ಟರು. ಮೊದಲು ರವೆಯಂಥ ಒರಟು ಪುಡಿ, ಆಮೇಲೆ ಹಿಟ್ಟಿನಂಥದ್ದು, ಆಮೇಲೆ ಬೆರಳಿಗೆ ಸಿಕ್ಕರೂ ಗೊತ್ತಾಗದಷ್ಟು ನುಣುಪಾದದ್ದು. ಕೊನೆಗೆ ಹೊಳಪು ಕೊಡುವ ಕೆಂಪು ಪುಡಿ. ಅದನ್ನು ಆಮೇಲೆ ಕೊಡುತ್ತೇನೆ, ಮೊದಲು ಇಲ್ಲಿಯವರೆಗೆ ಮುಟ್ಟು ಎಂದರು.

ಡಬ್ಬಿ ತಿರುಗಿಸುವ ಯಂತ್ರವನ್ನು ದೇವದುರ್ಗದ ಸೈಕಲ್ ಅಂಗಡಿಯವನ ಸಹಾಯದಿಂದ ಮಾಡಿಕೊಂಡೆ. ಎರಡು ಕಬ್ಬಿಣದ ಸಲಾಕೆಗಳನ್ನು ಅಕ್ಕಪಕ್ಕ ಹಗುರಾಗಿ ತಿರುಗುವಂತೆ ಕೂಡಿಸಿ, ಒಂದರ ತುದಿಗೆ ಹಳೆಯ ಸೈಕಲ್ ಗಾಲಿ ಕಟ್ಟಿದೆವು. ಫ್ಯಾನಿನ ಮೋಟರಿನಿಂದ ಗಾಲಿಗೆ ಒಂದು ಹುರಿ. ಮೋಟರ್ ಎಷ್ಟೇ ಜೋರಾಗಿ ತಿರುಗಿದರೂ ಗಾಲಿ ದೊಡ್ಡದಾದ್ದರಿಂದ ಸಲಾಕೆಗಳು ನಿಧಾನ ತಿರುಗುತ್ತಿದ್ದವು. ಅವುಗಳ ಮೇಲೆ ಅಡ್ಡ ಮಲಗಿಸಿದ ವನಸ್ಪತಿ ತುಪ್ಪದ ಡಬ್ಬಿ ಇನ್ನೂ ನಿಧಾನ. ಇದನ್ನು ಯಾಕೆ ಮಾಡುತ್ತಿದ್ದೀರಿ ಎಂದು ಸೈಕಲ್ ಅಂಗಡಿಯವನು ಕೇಳಿದ. ಆಫೀಸಿನ ಕೆಲಸ ಎಂದೆ.

ಭಾನುವಾರ ಬಸ್ಸು ಹಿಡಿದು ಕೃಷ್ಣಾ ಹೊಳೆಯ ಮೇಲಿನ ಗೂಗಲ್ ಎಂಬ ಹಳ್ಳಿಗೆ ಹೋಗಿ, ದಂಡೆಯಲ್ಲಿ ಕಲ್ಲು ಆರಿಸಿ ತಂದೆ. ಆರಿಸುವುದೂ ಆಗ ನನಗೆ ಬರುತ್ತಿರಲಿಲ್ಲ. ಬಣ್ಣ ನೋಡಿ ಮರುಳಾಗಿ ಮೆತ್ತನೆಯ ಕಲ್ಲು, ಗಟ್ಟಿ ಕಲ್ಲು, ಬಿರುಕು ಬಿಟ್ಟದ್ದು ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬಿದೆ. ಒರಟು ಪುಡಿ ಹಾಕಿ, ಕಲ್ಲು ಮುಳುಗುವುದಕ್ಕೆ ಸ್ವಲ್ಪ ಕಡಿಮೆ ನೀರು ಹಾಕಿ, ಮುಚ್ಚಳ ಬಿಗಿದು ಸ್ವಿಚ್ಚು ಒತ್ತಿದೆ. ಡಬ್ಬಿ ಗಡಗಡ ಎನ್ನುತ್ತಾ ತಿರುಗತೊಡಗಿತು. ಕೋಣೆಯಲ್ಲಿ ನನ್ನ ಜೊತೆ ಇನ್ನೊಂದು ಏನೋ ಕೆಲಸ ಮಾಡುತ್ತಿದೆ ಎಂಬುದೇ ಆ ದಿನ ನನಗೆ ಸಾಕಾಗಿತ್ತು. ಹಣೆಯ ಬೆವರು ಒರೆಸಿಕೊಳ್ಳುತ್ತಾ ಅದರ ಎದುರು ಕುಳಿತು ಊಟ ಮಾಡಿದೆ.

ಆ ಮೊದಲ ಸಲ ಎಲ್ಲವೂ ಕೆಟ್ಟಿತು. ಡಬ್ಬಿಯೊಳಗೆ ಗಾಳಿ ಹುಟ್ಟಿ ಒಂದು ದಿನ ಮುಚ್ಚಳ ಹಾರಿತು, ಬೂದು ಕೆಸರು ಗೋಡೆಯವರೆಗೂ ಸಿಡಿಯಿತು. ಮೆತ್ತನೆಯ ಕಲ್ಲುಗಳು ಕರಗಿ ಕೆಸರಾಗಿಹೋಗಿದ್ದವು. ಡಬ್ಬಿ ಅರ್ಧವೇ ತುಂಬಿದ್ದರಿಂದ ಗಟ್ಟಿ ಕಲ್ಲುಗಳು ಮೇಲಿನಿಂದ ಬಿದ್ದು ಬಿದ್ದು ಅಂಚು ಒಡೆದುಕೊಂಡಿದ್ದವು. ಕೆಸರನ್ನು ಗಟಾರಕ್ಕೆ ಸುರಿದುಬಿಟ್ಟೆ. ನಾಲ್ಕು ದಿನಕ್ಕೆ ಅದು ಸಿಮೆಂಟಿನ ಹಾಗೆ ಕುಳಿತು ನೀರು ಅಂಗಳಕ್ಕೆ ತಿರುಗಿತು. ಮನೆಯಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಹಿತ್ತಲಲ್ಲಿ ಏನು ಕಾರಖಾನೆ ನಡೆಸುತ್ತಿದ್ದೀ ಎಂದು ಬೈದಳು. ಹಗಲೆಲ್ಲಾ ಸದ್ದು, ಈಗ ಇದು ಬೇರೆ, ಕೋಣೆ ಬಿಡು ಎಂದಳು. ನಾನು ಕಬ್ಬಿಣದ ಸಲಾಕೆ ತಂದು ಸಂಜೆಯತನಕ ಗಟಾರ ಕೆತ್ತಿ ತೆಗೆದೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೋಣೆ ಬಿಡುವ ಮಾತು ಮತ್ತೆ ಎತ್ತಲಿಲ್ಲ. ಅಂದಿನಿಂದ ಕೆಸರನ್ನು ಹಿತ್ತಲ ಮೂಲೆಯಲ್ಲಿ ಗುಂಡಿ ತೋಡಿ ಸುರಿಯತೊಡಗಿದೆ.

ಎರಡನೆಯ ಸಲ ಜಾಣಳಾದೆ. ಡಬ್ಬಿಯ ಒಳಗೆ ಲಾರಿ ಟ್ಯೂಬಿನ ರಬ್ಬರು ಹೊಂದಿಸಿದೆ. ಮುಕ್ಕಾಲಿಗೆ ಸ್ವಲ್ಪ ಕಡಿಮೆ ತುಂಬಿದೆ. ಪ್ರತಿ ಕಲ್ಲಿನ ಮೇಲೂ ಉಗುರು ಎಳೆದು, ಉಗುರು ಸಿಕ್ಕಿಕೊಂಡರೆ ಬಿರುಕು ಎಂದು ಎಸೆದೆ. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಟ್ಟೆ. ಸರಿಯಾಗಿ ತುಂಬಿದ ಡಬ್ಬಿಯ ಸದ್ದೇ ಬೇರೆ. ದೂರದಲ್ಲಿ ಗರಸು ಕಲ್ಲಿನ ದಾರಿಯ ಮೇಲೆ ಕುರಿ ಹಿಂಡು ನಡೆದುಹೋಗುತ್ತಿರುವ ಹಾಗೆ ಕೇಳುತ್ತಿತ್ತು. ಕರೆಂಟು ಹೋದರೆ ಆ ಹಿಂಡು ತಟ್ಟನೆ ನಿಂತುಬಿಡುತ್ತಿತ್ತು. ಆಗ ಕೋಣೆ ಮೊದಲಿಗಿಂತ ಖಾಲಿಯಾದಂತೆ ಅನಿಸಿ, ನಾನು ಎದ್ದು ಹೊರಗೆ ಬಂದು ಕುಳಿತುಕೊಳ್ಳುತ್ತಿದ್ದೆ.

ವಾರಗಟ್ಟಲೆ ತಿರುಗಿಸಿ, ಒಂದರ ನಂತರ ಒಂದು ಪುಡಿ ಮುಗಿಸಿ, ಕಲ್ಲುಗಳನ್ನು ನೀರಿನ ಬಾಟಲಿಯಲ್ಲಿ ಹಾಕಿಕೊಂಡು ರಾಯಚೂರಿಗೆ ಹೋದೆ. ಬಾಟಲಿಯೊಳಗೆ ಅವು ಚಾಚಾನ ಮೇಜಿನ ಕಲ್ಲಿನಷ್ಟೇ ಹೊಳೆಯುತ್ತಿದ್ದವು. ಹೆಮ್ಮೆಯಿಂದ ಮುಂದೆ ಇಟ್ಟೆ. ಅವರು ಒಂದು ಕಲ್ಲು ತೆಗೆದು ತಮ್ಮ ಅಂಗಿಗೆ ಒರೆಸಿ, ಫ್ಯಾನಿನ ಗಾಳಿಗೆ ಹಿಡಿದು ಕುಳಿತರು. ನೋಡುನೋಡುತ್ತಿದ್ದಂತೆ ಅದರ ಮೇಲೆ ಬೂದಿ ಉದುರಿದ ಹಾಗೆ ಆಯಿತು.

“ನೀರಾಗ ಎಲ್ಲಾ ಕಲ್ಲೂ ಚಂದ ಕಾಣ್ತಾವ, ಬೇಟಿ,” ಎಂದರು. “ಒಣಗಿದ ಮ್ಯಾಲೆ ನೋಡಬೇಕು. ಇನ್ನಾ ಆಗಿಲ್ಲ.”

ಕೆಂಪು ಪುಡಿ ಕೊಡಲಿಲ್ಲ. ಕಣ್ಣಿಗೆ ಗಾಜು ಹಿಡಿದು ಕಲ್ಲಿನ ಮೇಲಿನ ಸಣ್ಣ ಗೀರುಗಳನ್ನು ತೋರಿಸಿದರು. ಮುಚ್ಚಳದ ರಬ್ಬರಿನ ಸಂದಿಯಲ್ಲಿ ಒರಟು ಪುಡಿಯ ಕಣಗಳು ಉಳಿದಿರಬೇಕು, ಅವು ಮುಂದಿನ ಪುಡಿಯೊಳಗೆ ಸೇರಿವೆ, ಒಂದೇ ಕಣ ಸಾಕು ಎಂದರು. ಪ್ರತಿ ಪುಡಿ ಮುಗಿದಾಗ ಡಬ್ಬಿ, ಮುಚ್ಚಳ, ಕಲ್ಲು, ಕೈ ಎಲ್ಲವನ್ನೂ ತೊಳೆಯಬೇಕು. ತೊಳೆದಾಯಿತು ಅನಿಸಿದ ಮೇಲೆ ಇನ್ನೊಂದು ಸಲ ತೊಳೆಯಬೇಕು. ಮೊದಲಿನಿಂದ ಮಾಡು ಎಂದರು.

ಅಲ್ಲಿಂದ ಓಣಿಯ ಮನೆಗೆ ಹೋದೆ. ಅಣ್ಣನ ಮಕ್ಕಳು, ಅತ್ತಿಗೆಯ ತವರಿನವರು, ಮನೆ ತುಂಬ ಜನ. ಅವ್ವ ರೊಟ್ಟಿ ಬಡಿಯುತ್ತಾ ತಿರುಗಿ ನೋಡಿ, ಕಣ್ಣಿಗೆ ಚಸ್ಮಾ ಬಂತೇನು ಎಂದು ಕೇಳಿ ಮತ್ತೆ ಒಲೆಯ ಕಡೆ ತಿರುಗಿದಳು. ಕಲ್ಲಿನ ವಿಷಯ ಹೇಳಬೇಕೆಂದುಕೊಂಡೆ. ಬಿಸಿಲಿನಲ್ಲಿ ಕಲ್ಲು ಒಡೆದು ಬೆರಳು ಸೊಟ್ಟಗಾದವಳಿಗೆ, ಮಗಳು ಸಂಬಳ ತೆಗೆದುಕೊಂಡು ಮನೆಯಲ್ಲಿ ಕಲ್ಲು ತಿಕ್ಕುತ್ತಾಳೆ ಎಂದು ಹೇಗೆ ಹೇಳುವುದು ತಿಳಿಯಲಿಲ್ಲ. ಬಾಟಲಿಯನ್ನು ಚೀಲದಿಂದ ಹೊರಗೆ ತೆಗೆಯದೆ ಸಂಜೆಯ ಬಸ್ಸಿಗೆ ದೇವದುರ್ಗಕ್ಕೆ ವಾಪಸಾದೆ.

ಚಳಿಗಾಲದ ಒಂದು ಮಧ್ಯಾಹ್ನ, ಲೈನುಗಳೆಲ್ಲ ಸುಮ್ಮನಿದ್ದ ಹೊತ್ತು, ರಾಯಚೂರಿನಿಂದ ಟ್ರಂಕ್ ಕಾಲ್ ಬಂತು. ಅಲ್ಲಿಯ ಆಪರೇಟರ್‌ಳನ್ನು ನಾನು ಕಂಡಿರಲಿಲ್ಲ, ದನಿ ಮಾತ್ರ ಪರಿಚಯ. ಯಾವ ನಂಬರ್ ಎಂದು ಕೇಳಿದೆ.

“ನಂಬರ್ ಇಲ್ರೀ,” ಎಂದಳು. “ಕಾಲ್ ನಿಮಗೇ ಅದ.”

ನನ್ನ ಕೈ ವೈರಿನ ಮೇಲೆ ನಿಂತುಬಿಟ್ಟಿತು. ಆ ಬೋರ್ಡಿನ ಮುಂದೆ ಕುಳಿತಂದಿನಿಂದ ನನಗೆ ಎಂದು ಒಂದು ಕಾಲೂ ಬಂದಿರಲಿಲ್ಲ. ಟ್ರಂಕ್ ಕಾಲ್ ಎಂದರೆ ಸಾವಿನ ಸುದ್ದಿ ಎಂಬ ಕಾಲ. ಅವ್ವನ ಮುಖ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಚಾಚಾನ ದನಿ ಕೇಳಿಸಿತು. ಪಕ್ಕದ ಔಷಧಿ ಅಂಗಡಿಯ ಫೋನಿನಿಂದ, ದೂರದ ಊರಿಗೆ ಜೋರಾಗಿ ಕೂಗಬೇಕೆಂದು ತಿಳಿದು ಕೂಗುತ್ತಿದ್ದರು.

“ಬೇಟಿ, ಕಲ್ಲು ಏನಾದ್ವು?”

ಇನ್ನೂ ತಿರುಗುತ್ತಿವೆ ಎಂದೆ. ಬರುವ ಭಾನುವಾರ ಗೂಗಲ್ ಹೊಳೆ ನೋಡಲು ಬರುತ್ತೇನೆ ಎಂದರು. ಅಷ್ಟೇ ಮಾತು. ಅವರು ಫೋನ್ ಇಟ್ಟ ಮೇಲೆ ರಾಯಚೂರಿನ ಆಪರೇಟರ್ ಕುತೂಹಲ ತಡೆಯದೆ, ಅವರು ಯಾರ್ರೀ ಎಂದು ಕೇಳಿದಳು. ನಮ್ಮವರು ಎಂದೆ. ಹಾಗೆಂದ ಮೇಲೆ ವೈರು ಕೀಳುವುದನ್ನೇ ಮರೆತು ಕುಳಿತಿದ್ದೆ.

ಭಾನುವಾರ ಅವರು ತೊಳೆದು ಇಸ್ತ್ರಿ ಮಾಡಿದ ಶೇರ್ವಾನಿ ಹಾಕಿಕೊಂಡು, ಕೈಯಲ್ಲಿ ಊಟದ ಡಬ್ಬಿ ಹಿಡಿದು ಬಸ್ಸಿನಿಂದ ಇಳಿದರು. ಇಬ್ಬರೂ ಗೂಗಲ್ಲಿಗೆ ಹೋದೆವು. ಅಲ್ಲಿಯ ಗುಡಿಯಿಂದ ಆಚೆ, ನೀರು ಸರಿದು ಕಲ್ಲು ಹಾಸಿದ ದಂಡೆಯಲ್ಲಿ ಅವರು ಶೇರ್ವಾನಿ ಎತ್ತಿ ಹಿಡಿದು ಕುಕ್ಕರುಗಾಲಲ್ಲಿ ಕೂತು ಕಲ್ಲು ಆರಿಸಿದರು. ಎರಡು ಕಲ್ಲು ಒಂದಕ್ಕೊಂದು ತಾಗಿಸಿ ಕಿವಿಗೆ ಹಿಡಿಯುತ್ತಿದ್ದರು. ಗಣ್ಣೆಂದರೆ ಗಟ್ಟಿ, ಮಂಕಾಗಿ ಕೇಳಿದರೆ ಒಳಗೆ ಬಿರುಕು ಎಂದರು. ಊಟದ ಹೊತ್ತಿಗೆ ನಾನು, ಇಷ್ಟೆಲ್ಲ ಮಾಡಿ ಆ ಕಲ್ಲುಗಳನ್ನು ನೀವು ಏನು ಮಾಡುತ್ತೀರಿ ಎಂದು ಕೇಳಿದೆ.

ಅವರು ತುತ್ತು ನುಂಗಿ ಹೊಳೆಯ ಕಡೆ ನೋಡಿದರು.

“ಗಾಜು ತಿಕ್ಕಿದ್ರ ಅದು ಮಂದಿ ಕಣ್ಣಿಗೆ ಹೋಗ್ತದ. ಸರಿ ಇಲ್ಲಂದ್ರ ಬಂದು ಬೈತಾರ. ಇದು ಯಾರಿಗೂ ಬೇಕಾಗಿಲ್ಲ. ಅದಕ್ಕ ಇದನ್ನ ಮಾಡ್ತೀನಿ.”

ಆಮೇಲೆ ಹೆಂಡತಿಯ ಬಗ್ಗೆ ಸ್ವಲ್ಪ ಹೇಳಿದರು. ಅವಳು ಮನೆಯಲ್ಲಿ ಬಳೆ ಸದ್ದು ಮಾಡಿಕೊಂಡು ಓಡಾಡುತ್ತಿದ್ದಳಂತೆ. ಅವಳು ಹೋದ ಮೇಲೆ ಮನೆಗೆ ಬೀಗ ತೆಗೆದು ಒಳಗೆ ಹೋಗುವುದೇ ಬೇಡ ಅನಿಸುತ್ತಿತ್ತಂತೆ. ಡಬ್ಬಿ ಹಚ್ಚಿಟ್ಟು ಅಂಗಡಿಗೆ ಬಂದರೆ, ಸಂಜೆ ಬೀಗ ತೆಗೆಯುವಾಗ ಒಳಗಿನಿಂದ ಸದ್ದು ಕೇಳುತ್ತದೆ ಎಂದರು. ನನ್ನ ಕೋಣೆಯ ಬಗ್ಗೆ ಅವರು ಏನೂ ಕೇಳಲಿಲ್ಲ. ಕೇಳಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ.

ಆ ಓಡಾಟ ಊರಿನಲ್ಲಿ ಮಾತಾಯಿತು. ಎಕ್ಸ್‌ಚೇಂಜಿನ ಹಿರಿಯರೊಬ್ಬರು, ಊರು ಸಣ್ಣದು, ಮದುವೆಯಾಗದ ಹುಡುಗಿ ನೋಡಿಕೊಂಡು ನಡೆಯಬೇಕು ಎಂದು ಮೆಲ್ಲಗೆ ಹೇಳಿದರು. ನಾನು ತಲೆ ಅಲ್ಲಾಡಿಸಿದೆ. ಅದರ ಬೆನ್ನಲ್ಲೇ ಜೊತೆಯ ಆಪರೇಟರ್ ಕಾಯಿಲೆ ಬಿದ್ದು ದೀರ್ಘ ರಜೆ ಹಾಕಿದಳು, ಭಾನುವಾರವೂ ನನಗೆ ಬಿಡುವಿಲ್ಲದಂತಾಯಿತು. ಮೂರನೆಯ ಸಲದ ಕಲ್ಲುಗಳು ಕೊನೆಯ ನುಣುಪು ಪುಡಿಯನ್ನೂ ಮುಗಿಸಿದಾಗ ಬಿಸಿಲು ಮತ್ತೆ ಏರಿತ್ತು. ಈ ಸಲ ಒರೆಸಿ ಒಣಗಿಸಿದರೂ ಬೂದಿ ಕಾಣಲಿಲ್ಲ, ಗೀರು ಕಾಣಲಿಲ್ಲ. ಹಾಲಿನ ಕೆನೆಯಂತೆ ಮಂದವಾಗಿ, ಒಂದೇ ಸಮ ನುಣುಪಾಗಿದ್ದವು. ಉಳಿದಿದ್ದದ್ದು ಕೆಂಪು ಪುಡಿ. ಬೋರ್ಡಿನಿಂದಲೇ ರಾಯಚೂರಿನ ಔಷಧಿ ಅಂಗಡಿಗೆ ಕಾಲ್ ಹಾಕಿ, ಚಾಚಾನನ್ನು ಕರೆಯಿರಿ ಎಂದೆ.

ಚಾಚಾ ಅಂಗಡಿ ಖಾಲಿ ಮಾಡಿ ತಿಂಗಳಾಯಿತು ಎಂದರು ಔಷಧಿ ಅಂಗಡಿಯವರು. ಮೊಣಕಾಲು ಸೋತು ಒಬ್ಬರೇ ಇರಲಾಗದ್ದರಿಂದ ಆಂಧ್ರದ ಆದವಾನಿಯಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳಂತೆ. ಮಗಳ ಮನೆ ಎಲ್ಲಿ, ಅಲ್ಲಿ ಫೋನ್ ಇದೆಯೇ ಎಂಬುದು ಅವರಿಗೆ ತಿಳಿಯದು.

“ದೇವದುರ್ಗದ ಫೋನಿನ ಅಕ್ಕಾರಿಗಂತ ಒಂದು ಪುಡಿಕಿ ಇಟ್ಟು ಹೋಗ್ಯಾರ,” ಎಂದರು. “ಬಂದಾಗ ಒಯ್ಯಿರಿ.”

ಪುಡಿಕೆ ತರಲು ಹೋದಾಗ ಚಾಚಾನ ಅಂಗಡಿಯ ಬಾಗಿಲಿಗೆ ಬೇರೆಯವರ ಬೋರ್ಡು ಬರೆಯುತ್ತಿದ್ದರು. ಬಸ್ಸಿನಲ್ಲಿ ಕುಳಿತು ಪೊಟ್ಟಣ ಬಿಚ್ಚಿದೆ. ಹಳೆಯ ಉರ್ದು ಪತ್ರಿಕೆಯಲ್ಲಿ ಕಟ್ಟಿದ ಕೆಂಪು ಪುಡಿ, ಜೊತೆಗೆ ಚಪ್ಪಲಿ ಮಾಡುವವರಿಂದ ತಂದ ತೊಗಲಿನ ಚೂರುಗಳು. ಕೊನೆಯ ಪುಡಿಯೊಡನೆ ತೊಗಲು ಹಾಕಿದರೆ ಕಲ್ಲಿಗೆ ಪೆಟ್ಟಾಗುವುದಿಲ್ಲ ಎಂದು ಅವರು ಹೇಳಿದ್ದರು. ಬೇರೆ ಏನಾದರೂ ಬರೆದಿರಬಹುದೆಂದು ಪತ್ರಿಕೆಯ ಎರಡೂ ಬದಿ ನೋಡಿದೆ. ಏನೂ ಇರಲಿಲ್ಲ.

ಡಬ್ಬಿ, ಮುಚ್ಚಳ, ಕಲ್ಲು, ಕೈ ತೊಳೆದೆ. ಮತ್ತೆ ತೊಳೆದೆ. ತೊಗಲು, ಕೆಂಪು ಪುಡಿ, ನೀರು ಹಾಕಿ ಹಚ್ಚಿದೆ. ಈಗ ಸದ್ದು ಇನ್ನೂ ಮೆತ್ತಗಾಗಿತ್ತು, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು. ಮೋಟರ್ ಕಾದಾಗ ನಿಲ್ಲಿಸಿ, ಆರಿದ ಮೇಲೆ ಹಚ್ಚಿ ವಾರ ಕಳೆದೆ. ಕೊನೆಗೆ ಸೋಪಿನ ನೀರಿನಲ್ಲಿ ತಿರುಗಿಸಿ, ಒಂದು ಹಳೆಯ ಸೀರೆಯ ಮೇಲೆ ಬಿಸಿಲಿಗೆ ಹರವಿ, ಬೇಕೆಂದೇ ಒಳಗೆ ಹೋಗಿ ಕುಳಿತೆ. ಪೂರ್ತಿ ಒಣಗಲಿ ಎಂದು ಕಾದೆ. ಹೊರಗೆ ಬಂದಾಗ ಕಲ್ಲುಗಳಲ್ಲಿ ಆಕಾಶ ಇತ್ತು, ಹಿತ್ತಲ ಗೋಡೆ ಇತ್ತು. ಒಂದನ್ನು ಎತ್ತಿಕೊಂಡರೆ ನನ್ನ ಕನ್ನಡಕವೂ ಅದರಲ್ಲಿ ಕಂಡಿತು. ಆಯಿತು ಎಂದು ಬಾಯಿಬಿಟ್ಟು ಹೇಳಿದೆ. ಕೇಳುವವರು ಯಾರೂ ಇರಲಿಲ್ಲ. ಸಂತೋಷವಾಗಿತ್ತು, ಆ ಸಂತೋಷವನ್ನು ಎಲ್ಲಿ ಇಡಬೇಕೆಂದು ಮಾತ್ರ ತಿಳಿಯಲಿಲ್ಲ.

ಎರಡು ದಿನ ಡಬ್ಬಿ ಹಚ್ಚಲಿಲ್ಲ. ಮೂರನೆಯ ದಿನ ಮನೆಯಾಕೆ ಹಿತ್ತಲಿಗೆ ಬಂದು ನನ್ನ ಬಾಗಿಲ ಮುಂದೆ ನಿಂತಳು.

“ಯಾಕ ನಿಂತದ ಅದು?” ಎಂದಳು. “ಎರಡು ದಿನ ಆತು, ಮನಿ ಬಿಕೋ ಅಂತದ.”

ಕೆಲಸ ಮುಗಿಯಿತು ಎಂದು ಕಲ್ಲುಗಳ ತಟ್ಟೆ ಹಿಡಿದು ನಿಂತೆ. ಕೆಳಗೆ ಇಡಲು ಬಗ್ಗುತ್ತಿದ್ದೆ, ಅವಳು ಅಷ್ಟರಲ್ಲೇ ಕೈ ಚಾಚಿದ್ದಳು. ನಾನು ಜೇನು ಬಣ್ಣದ ಒಂದು ಕಲ್ಲನ್ನು ಅವಳ ಅಂಗೈಯಲ್ಲಿ ಇಟ್ಟೆ. ಬೆರಳು ತಾಗಿದವು. ಅವಳು ಕಲ್ಲನ್ನು ಕೆನ್ನೆಗೆ ಒತ್ತಿಕೊಂಡು, ತಣ್ಣಗದ ಎಂದಳು. ಕಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೋದಳು. ಇನ್ನು ಮುಂದೆ ನಮ್ಮ ನಡುವೆ ಏನೋ ಬದಲಾಗುತ್ತದೆ ಎಂದು ನನಗನಿಸಿತು. ಮರುದಿನ ಬೆಳಿಗ್ಗೆ ಅವಳು ಬಾವಿಯಿಂದ ಸೇದಿ, ನನ್ನ ಕೊಡಕ್ಕೆ ಎಂದಿನಂತೆ ಮೇಲಿನಿಂದಲೇ ನೀರು ಸುರಿದಳು. ನಾನೂ ಅದೇ ಜಾಗದಲ್ಲಿ ಕೊಡ ಇಟ್ಟಿದ್ದೆ.

ಎಂಬತ್ತರ ದಶಕದ ಆರಂಭದಲ್ಲಿ ಮಾನ್ವಿಗೆ ವರ್ಗವಾಯಿತು. ಸಲಾಕೆ, ಗಾಲಿ, ಡಬ್ಬಿಗಳನ್ನು ಬಸ್ಸಿನ ಮೇಲೆ ಕಟ್ಟಿಕೊಂಡು ಹೋದೆ. ಅಲ್ಲಿ ನನಗೆ ಎರಡು ಕೋಣೆಯ ಮನೆ ಸಿಕ್ಕಿತು, ನೀರಿಗೆ ನಲ್ಲಿ ಇತ್ತು, ಆದರೆ ಸಲಿಗೆಯ ಗೆಳತಿಯರಾರೂ ಆಗಲಿಲ್ಲ. ಮದುವೆಯ ಮಾತುಗಳೂ ಆ ಹೊತ್ತಿಗೆ ನಿಂತುಹೋಗಿದ್ದವು. ಆದವಾನಿಯ ಕಡೆ ಹೋಗುವವರು ಸಿಕ್ಕರೆ, ಕನ್ನಡಕ ಮಾಡುತ್ತಿದ್ದ ರಾಯಚೂರಿನ ಮುದುಕರೊಬ್ಬರು ಗೊತ್ತೇ ಎಂದು ಕೆಲವು ವರ್ಷ ಕೇಳುತ್ತಿದ್ದೆ. ಯಾರಿಗೂ ಗೊತ್ತಿರಲಿಲ್ಲ.

ಅವ್ವ ಮಾನ್ವಿಗೆ ಒಂದೇ ಸಲ ಬಂದಳು. ಬಂದವಳು ಮೊದಲು ನೋಡಿದ್ದು ಮೂಲೆಯಲ್ಲಿ ತಿರುಗುತ್ತಿದ್ದ ಡಬ್ಬಿಯನ್ನು. ಇಷ್ಟು ವರ್ಷ ಹೇಳದೆ ಇಟ್ಟದ್ದನ್ನು ಈಗ ಹೇಳಿ, ತಟ್ಟೆ ತುಂಬ ಕಲ್ಲು ತಂದು ಮುಂದೆ ಇಟ್ಟೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಸೊಟ್ಟ ಬೆರಳುಗಳಲ್ಲಿ ಒಂದೊಂದನ್ನೇ ತಿರುಗಿಸಿ ನೋಡಿ, ಇಷ್ಟು ಚಂದ ಅದಾವ, ಯಾರಿಗೆ ಕೊಡ್ತಿ ಎಂದು ಕೇಳಿದಳು. ಇನ್ನೂ ಗೊತ್ತಿಲ್ಲ ಎಂದೆ. ಮಧ್ಯಾಹ್ನ ಊಟವಾದ ಮೇಲೆ ಗೋಡೆಗೆ ಒರಗಿ ಕುಳಿತವಳು, ಅದನ್ನು ಸ್ವಲ್ಪ ಬಂದ್ ಮಾಡು, ಮಾತಾಡೋಣ ಎಂದಳು. ಬಂದ್ ಮಾಡಿ ಎದುರಿಗೆ ಕುಳಿತೆ. ಅಣ್ಣನ ಮಕ್ಕಳ ಬಗ್ಗೆ ಕೇಳಿದೆ, ಹೇಳಿದಳು. ನನ್ನ ಆರೋಗ್ಯ ಕೇಳಿದಳು, ಹೇಳಿದೆ. ಆಮೇಲೆ ಇಬ್ಬರಿಗೂ ಏನು ಮಾತಾಡಬೇಕು ತಿಳಿಯಲಿಲ್ಲ. ಹೊರಗೆ ಬಿಸಿಲಿನಲ್ಲಿ ಯಾರದೋ ಎತ್ತಿನ ಬಂಡಿ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಇಬ್ಬರೂ ಕೇಳುತ್ತಾ ಕುಳಿತಿದ್ದೆವು.

“ಹಚ್ಚವ್ವಾ ಅದನ್ನ,” ಎಂದಳು ಅವ್ವ. “ಇರ್ಲಿ, ನಡೀಲಿ.”

ಎದ್ದು ಹೋಗಿ ಹಚ್ಚಿದೆ. ಅವ್ವ ಸೆರಗು ಹಾಸಿಕೊಂಡು ಡಬ್ಬಿಯ ಹತ್ತಿರವೇ ಮಲಗಿದಳು, ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ಅವಳು ಏಳುವವರೆಗೆ ನಾನು ಪಕ್ಕದಲ್ಲಿ ಕುಳಿತಿದ್ದೆ.